ಕಸಿ ಮೆಣಸಿಗೆ ಬೇಸಿಗೆ ನೀರು: ಮೊದಲು ಬೇರು ಯಾವುದು ನೋಡಿ

ಫೆಬ್ರವರಿ ಕಳೆಯುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದವರು ಸೇರಿದಲ್ಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಮೆಣಸಿನ ಬಳ್ಳಿಗೆ ಎಷ್ಟು ನೀರು ಬಿಡಬೇಕು? ವಾರಕ್ಕೊಮ್ಮೆಯಾದರೂ ಕೊಡಲೇಬೇಕು ಅಂತ ಒಬ್ಬರು. ಬೇಸಿಗೆಯಲ್ಲಿ ಬಳ್ಳಿ ಸ್ವಲ್ಪ ಒಣಗಬೇಕು, ಇಲ್ಲದಿದ್ದರೆ ಗೆರೆ (ಕಾಳು ಕಟ್ಟುವ ಹೂಗೊಂಚಲು) ಬರುವುದಿಲ್ಲ ಅಂತ ಇನ್ನೊಬ್ಬರು. ಇಬ್ಬರೂ ತಮ್ಮ ತೋಟದಲ್ಲಿ ಕಂಡಿದ್ದನ್ನೇ ಹೇಳುತ್ತಾರೆ. ವಿಚಾರಿಸಿ ನೋಡಿ, ಒಬ್ಬರದ್ದು ಹಿಪ್ಪಲಿ ಗಿಡಕ್ಕೆ ಕಸಿ ಕಟ್ಟಿದ ಬಳ್ಳಿ ಇರುತ್ತದೆ, ಇನ್ನೊಬ್ಬರದ್ದು ಹಂಬಿನಿಂದ ಮಾಡಿದ ಸ್ವಂತ ಬೇರಿನ ಬಳ್ಳಿ.

ಮೇಲೆ ಎರಡರಲ್ಲೂ ಪಣಿಯೂರು ತಳಿ ಇರಬಹುದು, ಮಲ್ಲಿಗೆಸರ ತಳಿ ಇರಬಹುದು. ನೋಡಿದರೆ ಒಂದೇ ಥರ. ಆದರೆ ನೀರು ಕುಡಿಯುವುದು ಕೆಳಗಿನ ಬೇರು. ಬರ ಬಂದಾಗ ಯಾವುದು ತಡೆಯುತ್ತದೆ, ಯಾವುದು ಬಾಡುತ್ತದೆ ಎನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಈ ಲೆಕ್ಕಾಚಾರವನ್ನು ನಮಗಿಂತ ಬಹಳ ಮೊದಲು ಮಾಡಿದವರು ದ್ರಾಕ್ಷಿ ಬೆಳೆಗಾರರು. ಹಾಗಾಗಿ ಅವರ ತೋಟವನ್ನು ಒಮ್ಮೆ ನೋಡಿಕೊಂಡು ನಮ್ಮ ತೋಟಕ್ಕೆ ಬರೋಣ.

ದ್ರಾಕ್ಷಿಯವರು ಬೇರು ಬದಲಿಸಿದ ಕತೆ

1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಅಮೆರಿಕದಿಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬಂತು. ಬೇರಿಗೆ ಬಾಯಿ ಹಾಕುವ ಕೀಟ. ಯುರೋಪಿನ ದ್ರಾಕ್ಷಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ, ತೋಟಕ್ಕೆ ತೋಟವೇ ಒಣಗಿತು. ಕೀಟದ ಊರಿನದ್ದೇ ಆದ ಅಮೆರಿಕದ ಕಾಡು ದ್ರಾಕ್ಷಿಯ ಬೇರು ಅದನ್ನು ತಾಳಿಕೊಳ್ಳುತ್ತಿತ್ತು. ಕಾಡು ದ್ರಾಕ್ಷಿಯ ಬೇರು ಕೆಳಗೆ, ಊಟಕ್ಕೆ ಮತ್ತು ವೈನ್‌ಗೆ ಬೇಕಾದ ತಳಿ ಮೇಲೆ. ಕಸಿ ಕಟ್ಟಿ ಬಚಾವಾದರು.

ಕೀಟದ ಸಮಸ್ಯೆ ಮುಗಿಯಿತು ಅನ್ನುವಾಗ ನೀರಿನದ್ದು ಶುರುವಾಯಿತು. ಕಾಡು ದ್ರಾಕ್ಷಿಯಲ್ಲಿ ಹಲವು ಜಾತಿ. ರಿಪೇರಿಯಾ ಎನ್ನುವುದು ಹೊಳೆ ದಂಡೆಯಲ್ಲಿ ಬೆಳೆಯುವಂಥದ್ದು. ಅದರ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ನೀರು ಕಡಿಮೆಯಾದರೆ ಬೇಗ ಸೋಲುತ್ತದೆ. ರುಪೆಸ್ಟ್ರಿಸ್ ಕಲ್ಲು ಜಾಗದ ಬಳ್ಳಿ, ಬೇರು ಆಳಕ್ಕೆ ಇಳಿಯುತ್ತದೆ. ಬರ್ಲಾಂಡಿಯೇರಿ ಟೆಕ್ಸಾಸಿನ ಸುಣ್ಣಕಲ್ಲಿನ ಗುಡ್ಡದ್ದು, ಒಣಗಿಗೆ ಗಟ್ಟಿ. ಕೊನೆಯ ಎರಡನ್ನು ಕೂಡಿಸಿ ಮಾಡಿದ 110ಆರ್ ಎಂಬ ಬೇರುಗಿಡ ಇವತ್ತಿಗೂ ಬರದ ಸೀಮೆಗೆ ಹೆಸರುವಾಸಿ. ಸಸ್ಯ ತನ್ನ ಹುಟ್ಟೂರಿನ ನೀರಿನ ಅಭ್ಯಾಸವನ್ನು ಬೇರಿನಲ್ಲಿ ಇಟ್ಟುಕೊಂಡೇ ಬರುತ್ತದೆ.

ನಮ್ಮ ವಿಜಯಪುರದ ಕಡೆ ಬೇರುಗಿಡಕ್ಕೆ ಕಸಿ ಕಟ್ಟಲು ಮುಖ್ಯ ಕಾರಣ ಫಿಲಾಕ್ಸೆರಾ ಆಗಿರಲಿಲ್ಲ. ಬರ, ಮತ್ತು ಬೋರ್‌ವೆಲ್‌ನ ಉಪ್ಪು ನೀರು. ಅಲ್ಲಿ ಡಾಗ್‌ರಿಡ್ಜ್ ಎಂಬ ಬೇರುಗಿಡ ಹೆಚ್ಚು ಬಳಕೆಗೆ ಬಂತು. ಬರ ತಡೆಯುತ್ತದೆ ನಿಜ, ಆದರೆ ಬಳ್ಳಿಯನ್ನು ಸಿಕ್ಕಾಪಟ್ಟೆ ಬೆಳೆಸುತ್ತದೆ. ಸೊಪ್ಪು ಜಾಸ್ತಿ, ಗೊಂಚಲು ಕಡಿಮೆ ಎನ್ನುವ ದೂರು ಇದ್ದೇ ಇದೆ. ಅದಕ್ಕೇ ಕೆಲವರು 110ಆರ್ ಕಡೆ ವಾಲಿದರು. ಒಂದು ಕಾರಣಕ್ಕೆ ಬೇರು ಆರಿಸಿದರೆ ಇನ್ನೊಂದು ಗುಣವೂ ಜೊತೆಗೆ ಬರುತ್ತದೆ. ಮೆಣಸಿನಲ್ಲಿ ಆಗಿರುವುದೂ ಇದೇ, ಆದರೆ ತಿರುಗುಮುರುಗಾಗಿ.

ಹಿಪ್ಪಲಿಯ ಊರು ಯಾವುದು

ಮಲೆನಾಡಿನಲ್ಲಿ ಕಸಿಗೆ ಬಳಸುವ ಹಿಪ್ಪಲಿ ನಮ್ಮ ಔಷಧದ ಹಿಪ್ಪಲಿ ಅಲ್ಲ. ಅದು ದಕ್ಷಿಣ ಅಮೆರಿಕದಿಂದ ಬಂದ ಪೈಪರ್ ಕೊಲುಬ್ರಿನಮ್. ಸೊರಗು ರೋಗ ತರುವ ಫೈಟಾಫ್ಥೊರಾ ಎಂಬ ಶಿಲೀಂಧ್ರದಂಥ ರೋಗಾಣುವಿಗೆ ಇದರ ಬೇರು ಬಗ್ಗುವುದಿಲ್ಲ. ಬೇರು ತಿನ್ನುವ ಜಂತುಹುಳುಗಳನ್ನೂ ತಡೆಯುತ್ತದೆ. ಮಳೆಗಾಲದಲ್ಲಿ ಬಳ್ಳಿ ಕಳೆದುಕೊಂಡು ಸಾಕಾದವರಿಗೆ ಇದೊಂದು ದಾರಿಯಾಗಿ ಕಂಡಿದ್ದು ಸಹಜ.

ಆದರೆ ಅದು ಜೌಗಿನ ಗಿಡ. ಕಾಲು ನೀರಿನಲ್ಲಿದ್ದರೂ ಆರಾಮಾಗಿರುತ್ತದೆ. ನೀರು ಇಲ್ಲದಿದ್ದರೆ ಇಲ್ಲ. ವಿಜಯಪುರದ ದ್ರಾಕ್ಷಿಯವರು ಬರ ತಡೆಯಲಿ ಅಂತ ಬೇರು ಬದಲಿಸಿದರು. ನಾವು ಮಳೆ ತಡೆಯಲಿ ಅಂತ ಬದಲಿಸಿ, ಬರದ ಶಕ್ತಿಯನ್ನು ಸ್ವಲ್ಪ ಬಿಟ್ಟುಕೊಟ್ಟೆವು. ಹೊಳೆ ದಂಡೆಯ ರಿಪೇರಿಯಾ ಮಾಡುವುದನ್ನೇ ಹಿಪ್ಪಲಿ ಬೇರು ಮಾಡುತ್ತದೆ. ಈ ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನ ಕೆಲಸಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಹೆಜ್ಜೆ 1: ಬುಡ ನೋಡಿ, ಗುರುತು ಮಾಡಿ

ಎರಡೂ ಥರದ ಬಳ್ಳಿ ಇದ್ದವರು ಇದನ್ನು ಮಳೆ ನಿಂತ ಕೂಡಲೇ ಮಾಡಿ. ಒಂದೊಂದೇ ಬಳ್ಳಿಯ ಬುಡದ ದರಕು (ಒಣಗಿದ ಎಲೆ) ಸರಿಸಿ. ಕಸಿ ಬಳ್ಳಿಯಲ್ಲಿ ನೆಲದಿಂದ ಸ್ವಲ್ಪ ಮೇಲೆ ಜೋಡಣೆಯ ಗಂಟು ಕಾಣುತ್ತದೆ. ಅದರ ಕೆಳಗಿನ ಕಾಂಡದ ಗೆಣ್ಣು ದಪ್ಪ, ಬಣ್ಣವೂ ಬೇರೆ. ಗೆಣ್ಣಿನಿಂದ ಬೇರುಗಳು ನೆಲಕ್ಕೆ ಇಳಿದಿರುತ್ತವೆ. ಹಿಪ್ಪಲಿ ಮರ ಹತ್ತುವ ಬಳ್ಳಿಯಲ್ಲ, ನೆಟ್ಟಗೆ ನಿಲ್ಲುವ ಪೊದೆ. ಹಾಗಾಗಿ ಅದರ ಚಿಗುರು ಬುಡದಿಂದ ಬಂದಿದ್ದರೆ ಗುರುತು ಹಿಡಿಯುವುದು ಸುಲಭ. ಆ ಚಿಗುರನ್ನು ಆಗಲೇ ಚಿವುಟಿ ಹಾಕಿ.

ಕಸಿ ಬಳ್ಳಿ ಇರುವ ಅಡಿಕೆ ಮರಕ್ಕೆ ಪೇಂಟಿನ ಒಂದು ಪಟ್ಟಿ ಎಳೆಯಿರಿ. ಸಾಕು. ನೀರು ಬಿಡುವುದು ಮನೆಯವರಾದರೂ ಸರಿ, ಕೆಲಸದವರಾದರೂ ಸರಿ, ಯಾವುದು ಯಾವುದೆಂದು ಕೇಳುವ ಪ್ರಮೇಯ ಇರುವುದಿಲ್ಲ.

ಇದೇ ಹೊತ್ತಿಗೆ ಇನ್ನೊಂದು ನೋಡಿಕೊಳ್ಳಿ. ಜೋಡಣೆಯ ಗಂಟು ಮಣ್ಣಿನೊಳಗೆ ಹೋಗಿದೆಯಾ? ಗೊಬ್ಬರ, ಸೊಪ್ಪು, ಮಣ್ಣು ಅಂತ ವರ್ಷ ವರ್ಷ ಏರಿಸುತ್ತಾ ಬಂದರೆ ಗಂಟು ಮುಚ್ಚಿಹೋಗುತ್ತದೆ. ಆಗ ಮೇಲಿನ ಮೆಣಸಿನ ಕಾಂಡವೇ ಬೇರು ಬಿಡುತ್ತದೆ. ಆ ಬೇರಿಗೆ ಸೊರಗು ರೋಗ ತಡೆಯುವ ಶಕ್ತಿ ಇಲ್ಲ. ಕಸಿಗೆ ಕೊಟ್ಟ ದುಡ್ಡು ಅಲ್ಲಿಗೆ ಮಣ್ಣುಪಾಲು. ದ್ರಾಕ್ಷಿ ತೋಟದಲ್ಲೂ ಗಂಟಿನ ಮೇಲಿಂದ ಇಳಿದ ಬೇರನ್ನು ಇದೇ ಕಾರಣಕ್ಕೆ ಕತ್ತರಿಸುತ್ತಾರೆ. ಮಣ್ಣು ಬಿಡಿಸಿ, ಗಂಟು ಗಾಳಿಗೆ ಕಾಣುವಂತೆ ಮಾಡಿ. ನೆಲದ ಮೇಲೆ ಹರಿದು ಬೇರು ಬಿಟ್ಟ ಹಂಬುಗಳನ್ನೂ ತೆಗೆಯಿರಿ ಅಥವಾ ಮೇಲೆತ್ತಿ ಕಟ್ಟಿ.

ಹೆಜ್ಜೆ 2: ಜಾಗಕ್ಕೆ ತಕ್ಕ ಬೇರು

ಇದು ಹೊಸದಾಗಿ ನೆಡುವವರಿಗೆ. ಶಿವಮೊಗ್ಗ ಜಿಲ್ಲೆಯಲ್ಲೇ ಎಷ್ಟು ವ್ಯತ್ಯಾಸ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ. ಶಿಕಾರಿಪುರದ ಬಯಲಿಗೆ ಬಂದರೆ ಅದರ ಸಣ್ಣ ಪಾಲು. ಆದರೆ ಆಗುಂಬೆಯಲ್ಲೂ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಎಲ್ಲ ಕಡೆ ಒಣಗೇ. ಒಂದೇ ಬೇರು ನಾಲ್ಕು ತಿಂಗಳು ಕೆಸರಿನಲ್ಲಿ ನಿಂತು, ಮತ್ತೆ ನಾಲ್ಕೈದು ತಿಂಗಳು ಬಿಸಿಲಿಗೆ ಒಣಗಬೇಕು. ಯಾವ ಬೇರಿಗೂ ಇದು ಸುಲಭದ ಕೆಲಸವಲ್ಲ.

ಗದ್ದೆ ಎತ್ತಿ ಅಡಿಕೆ ಮಾಡಿದ ಜಾಗ, ಕಣಿವೆಯ ಹಳೇ ತೋಟ, ಮಳೆಗಾಲದಲ್ಲಿ ನೀರು ಒಸರುವ ಜಾಗ, ಇಲ್ಲೆಲ್ಲ ಹಿಪ್ಪಲಿ ಕಸಿ ಒಪ್ಪುತ್ತದೆ. ಒಂದೇ ಷರತ್ತು, ಮೇ ತನಕ ನೀರು ಕೊಡುವ ಬಾವಿಯೋ ಕೆರೆಯೋ ಅಬ್ಬಿಯೋ ಇರಬೇಕು. ಗುಡ್ಡದ ಇಳಿಜಾರು, ಜಂಬಿಟ್ಟಿಗೆ ನೆಲ, ಸಿಲ್ವರ್ ಓಕ್‌ಗೆ ಬಳ್ಳಿ ಹಬ್ಬಿಸುವ ಕಾಫಿ ಜಾಗಕ್ಕೆ ನೀರಿನ ವ್ಯವಸ್ಥೆ ಇಲ್ಲದೆ ಕಸಿ ತರಬೇಡಿ. ಅಲ್ಲಿ ನೀರು ಹೇಗೂ ಬಸಿದುಹೋಗುತ್ತದೆ, ಸೊರಗು ರೋಗದ ಕಾಟ ಸ್ವಲ್ಪ ಕಡಿಮೆ. ಸ್ವಂತ ಬೇರಿನ ಬಳ್ಳಿಯೇ ಸೂಕ್ತ. ರೋಗದ ಭಯ ಇದ್ದರೆ ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ, ತೇವಂ ತಳಿಗಳಿವೆ. ಫೈಟಾಫ್ಥೊರಾವನ್ನು ಒಂದು ಮಟ್ಟಕ್ಕೆ ತಾಳಿಕೊಳ್ಳುತ್ತವೆ, ಕಸಿಯ ಗೋಜಿಲ್ಲ.

ಇಡೀ ತೋಟಕ್ಕೆ ಒಂದೇ ಥರದ ಬೇರು ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೆಲವು ಕಸಿಗಳು ಮೊದಲು ಚೆನ್ನಾಗಿ ಬೆಳೆದು, ಕೆಲವು ವರ್ಷ ಕಳೆದ ಮೇಲೆ ಜೋಡಣೆಯ ಜಾಗದಲ್ಲಿ ಹೊಂದಾಣಿಕೆ ತಪ್ಪಿ ಸೊರಗುವುದೂ ಉಂಟು. ಮೇಲೆ ದಪ್ಪ, ಕೆಳಗೆ ಸಪೂರ ಆಗಿ, ನೀರು ಮೇಲೇರುವ ದಾರಿ ಕಿರಿದಾಗುತ್ತದೆ. ಅಂಥ ಬಳ್ಳಿ ಮೊದಲು ಸೋಲುವುದು ಬೇಸಿಗೆಯಲ್ಲೇ. ತಗ್ಗಿನ ಜಾಗಕ್ಕೆ ಕಸಿ, ಎತ್ತರಕ್ಕೆ ಸ್ವಂತ ಬೇರು ಅಂತ ಹಂಚಿದರೆ ಯಾವ ವರ್ಷವೂ ಪೂರ್ತಿ ಕೈ ಖಾಲಿಯಾಗುವುದಿಲ್ಲ.

ಹೆಜ್ಜೆ 3: ಬಳ್ಳಿ ಏನು ಹೇಳುತ್ತಿದೆ

ಮಣ್ಣು ಒಣಗಿದಾಗ ಬಳ್ಳಿಯೊಳಗೆ ನಡೆಯುವುದು ದ್ರಾಕ್ಷಿಯಲ್ಲೂ ಮೆಣಸಿನಲ್ಲೂ ಹೆಚ್ಚುಕಡಿಮೆ ಒಂದೇ. ಎಲೆಯ ಅಡಿಭಾಗದಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ, ಪತ್ರರಂಧ್ರ ಅಂತಾರೆ. ಗಾಳಿ ಒಳಗೆ ಹೋಗುವುದೂ ನೀರಾವಿ ಹೊರಗೆ ಬರುವುದೂ ಅದೇ ಬಾಯಿಂದ. ನೀರು ಸಾಲದು ಅನ್ನಿಸಿದಾಗ ಗಿಡದೊಳಗೆ ಆಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರುತ್ತದೆ. ಅದರ ಸೂಚನೆಗೆ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ. ಜೊತೆಗೆ ಆಹಾರ ತಯಾರಿಯೂ ನಿಲ್ಲುತ್ತದೆ.

ಎಲ್ಲ ತಳಿಯೂ ಒಂದೇ ಹೊತ್ತಿಗೆ ಬಾಯಿ ಮುಚ್ಚುವುದಿಲ್ಲ. ದ್ರಾಕ್ಷಿಯಲ್ಲಿ ಗ್ರೆನಾಶ್ ಎಂಬ ತಳಿ ಮುಂಜಾಗ್ರತೆಯದ್ದು, ಬೇಗ ಮುಚ್ಚುತ್ತದೆ. ಸಿರಾ ತಡಮಾಡುತ್ತದೆ. ಮೇಲಿನ ತಳಿಯ ಸ್ವಭಾವ ಒಂದು ಕಡೆ, ಬೇರು ಎಷ್ಟು ನೀರು ಒದಗಿಸುತ್ತದೆ ಎನ್ನುವುದು ಇನ್ನೊಂದು ಕಡೆ. ಎರಡೂ ಸೇರಿ ಬಳ್ಳಿಯ ನಡವಳಿಕೆ.

ಬಾಯಿ ಮುಚ್ಚಿದರೂ ಸಾಲದೇ ಹೋದರೆ ಮುಂದಿನದು ಅಪಾಯ. ಕಾಂಡದೊಳಗೆ ನೀರು ಏರುವ ಸಣ್ಣ ನಳಿಕೆಗಳಿವೆ. ಮೇಲಿಂದ ಎಲೆ ಎಳೆಯುತ್ತದೆ, ಕೆಳಗೆ ಮಣ್ಣಿನಲ್ಲಿ ನೀರಿಲ್ಲ. ಎಳೆತ ಜಾಸ್ತಿಯಾಗಿ ನಳಿಕೆಯಲ್ಲಿ ಗಾಳಿಗುಳ್ಳೆ ಸೇರುತ್ತದೆ. ಪಂಪಿನ ಪೈಪಿಗೆ ಗಾಳಿ ಹಿಡಿದ ಹಾಗೆ, ಅಲ್ಲಿಂದ ಮೇಲೆ ನೀರು ಹೋಗುವುದಿಲ್ಲ. ದ್ರಾಕ್ಷಿ ಬಳ್ಳಿ ಇಲ್ಲಿ ಜಾಣತನ ತೋರಿಸುತ್ತದೆ. ಗಾಳಿ ಮೊದಲು ಹಿಡಿಯುವುದು ಎಲೆ ಮತ್ತು ಎಲೆ ತೊಟ್ಟಿನಲ್ಲಿ. ಎಲೆ ಉದುರುತ್ತದೆ, ಕಾಂಡ ಉಳಿಯುತ್ತದೆ. ಮುಂದೆ ನೀರು ಸಿಕ್ಕಾಗ ಮತ್ತೆ ಚಿಗುರುತ್ತದೆ. ಅದರ ಬೇರು ಮೀಟರುಗಟ್ಟಲೆ ಆಳಕ್ಕೂ ಇಳಿಯಬಲ್ಲದು. ಮೆಣಸಿಗೆ ಆ ಅನುಕೂಲ ಕಡಿಮೆ. ಅದರ ಉಣ್ಣುವ ಬೇರು ಹೆಚ್ಚಾಗಿ ಮೇಲಿನ ಎರಡು ಅಡಿ ಮಣ್ಣಿನಲ್ಲೇ. ಮರಕ್ಕೆ ಅಂಟಿಕೊಂಡ ಬೇರು ಹಿಡಿತಕ್ಕೆ ಮಾತ್ರ, ನೀರಿನ ಲೆಕ್ಕಕ್ಕೆ ಸೇರಿಸಬೇಡಿ. ಎಲೆ ಉದುರುವ ತನಕ ಕಾಯಬೇಡಿ ಅನ್ನುವುದು ಅದಕ್ಕೇ.

ಹಾಗಾದರೆ ಯಾವಾಗ ತಿಳಿಯುತ್ತದೆ? ಮಧ್ಯಾಹ್ನದ ಬಾಡು ನೋಡಿ ಗಾಬರಿಯಾಗಬೇಡಿ. ಎರಡು ಗಂಟೆಯ ಬಿಸಿಲಿಗೆ ಎಲೆ ಜೋತು ಬೀಳುವುದು ಸಾಮಾನ್ಯ. ಬೆಳಗ್ಗೆ ಬಿಸಿಲು ಏರುವ ಮೊದಲು ತೋಟಕ್ಕೆ ಹೋಗಿ. ರಾತ್ರಿಯಿಡೀ ಎಲೆಯ ಬಾಯಿ ಮುಚ್ಚಿರುತ್ತದೆ. ಬೇರು ನಿಧಾನಕ್ಕೆ ನೀರೆಳೆದು ಬಳ್ಳಿ ತುಂಬಿಕೊಳ್ಳುತ್ತದೆ. ಬೆಳಗಿನ ಎಲೆ ಎಂದರೆ ಮಣ್ಣಿನ ಸ್ಥಿತಿಯೇ. ದ್ರಾಕ್ಷಿ ಸಂಶೋಧಕರು ಎಲೆಯನ್ನು ಒತ್ತಡದ ಯಂತ್ರದಲ್ಲಿಟ್ಟು ಅಳೆಯುವುದೂ ಬೆಳಕು ಹರಿಯುವ ಮೊದಲೇ. ನಿಮಗೆ ಯಂತ್ರ ಬೇಡ. ಬೆಳಗಿನ ಹೊತ್ತಲ್ಲೂ ಎಲೆ ಜೋತಿದ್ದರೆ, ಮುಟ್ಟಿದರೆ ಬಿಗುವಿಲ್ಲದೆ ಮೆತ್ತಗಿದ್ದರೆ, ನೀರು ತಡವಾಗಿದೆ.

ಅದಕ್ಕೂ ಮೊದಲಿನ ಸೂಚನೆ ತುದಿಯ ಚಿಗುರಿನಲ್ಲಿ ಸಿಗುತ್ತದೆ. ದ್ರಾಕ್ಷಿಯಲ್ಲಿ ನೀರು ಕಡಿಮೆಯಾದರೆ ಕುಡಿ ಬೆಳೆಯುವುದು ಮೊದಲು ನಿಲ್ಲುತ್ತದೆ, ಗೆಣ್ಣು ಗೆಣ್ಣಿನ ನಡುವಿನ ಅಂತರ ಗಿಡ್ಡವಾಗುತ್ತದೆ. ಮೆಣಸಿನಲ್ಲೂ ಎಳೆ ಕುಡಿ ಮುದುಡುವುದು, ಬಿಸಿಲು ಬೀಳುವ ಎಲೆ ಹೊಳಪು ಕಳೆದು ಹಳದಿ ತಿರುಗುವುದು ಎಚ್ಚರಿಕೆ. ಬುಡದಿಂದ ಸ್ವಲ್ಪ ದೂರ ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟಿ ನಿಂತರೆ ತಡೆಯಬಹುದು. ಉಂಡೆಯಾಗಿ ಬೆರಳು ತಾಗಿದ ಕೂಡಲೇ ಒಡೆದರೆ ನೀರಿಗೆ ಹೊತ್ತಾಯಿತು. ಉಂಡೆಯೇ ಕಟ್ಟದಿದ್ದರೆ ಹೊತ್ತು ಮೀರಿತು. ಜಂಬಿಟ್ಟಿಗೆ ನೆಲದಲ್ಲಿ ಈ ಪರೀಕ್ಷೆ ಅಷ್ಟು ಸರಿಹೋಗುವುದಿಲ್ಲ, ಅಲ್ಲಿ ಬೆಳಗಿನ ಎಲೆಯನ್ನೇ ನಂಬಿ.

ಬಾಡಿದ ಬಳ್ಳಿಗೆಲ್ಲ ಸುಮ್ನೆ ನೀರು ಸುರಿಯುವುದು ಬೇಡ. ಮೊದಲು ಬುಡ ಕೆರೆದು ನೋಡಿ. ತೊಗಟೆ ಕಪ್ಪಾಗಿ, ಕೊಳೆತು, ವಾಸನೆ ಬರುತ್ತಿದ್ದರೆ ಅದು ಸೊರಗು ರೋಗ. ಅಲ್ಲಿ ನಿಂತ ನೀರು ರೋಗವನ್ನು ಪಕ್ಕದ ಬಳ್ಳಿಗೂ ದಾಟಿಸುತ್ತದೆ. ಬುಡ ಗಟ್ಟಿಯಿದ್ದು, ಅಕ್ಟೋಬರ್‌ನಿಂದಲೇ ಹಳದಿಯಾಗುತ್ತಾ ಬಂದು, ಮಳೆಗಾಲದಲ್ಲಿ ಸುಧಾರಿಸಿದ ಹಾಗೆ ಕಂಡು, ಮತ್ತೆ ಬೇಸಿಗೆಯಲ್ಲಿ ಸೋಲುವ ಬಳ್ಳಿಯ ಬೇರನ್ನು ಜಂತುಹುಳು ತಿಂದಿರುವ ಸಾಧ್ಯತೆ ಹೆಚ್ಚು. ಇದು ನಿಧಾನ ಸೊರಗು. ನೀರಿದ್ದರೂ ಎಳೆಯಲು ಬೇರಿಲ್ಲ. ಸ್ವಂತ ಬೇರಿನ ಬಳ್ಳಿಯಲ್ಲಿ ಇದನ್ನು ಮೊದಲು ಅನುಮಾನಿಸಿ. ಹಿಪ್ಪಲಿ ಕಸಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ನೀರನ್ನೇ.

ಹೆಜ್ಜೆ 4: ಡಿಸೆಂಬರ್‌ನಲ್ಲೇ ಬೇಸಿಗೆ ಶುರು

ಸ್ವಾತಿ, ವಿಶಾಖ ಮಳೆ ಮುಗಿದು ಮಣ್ಣಲ್ಲಿ ಇನ್ನೂ ತೇವ ಇರುವಾಗಲೇ ಮುಚ್ಚಿಗೆ ಹಾಕಿ. ಒಣಗಿದ ಮೇಲೆ ಹಾಕಿದರೆ ಒಣಗನ್ನೇ ಮುಚ್ಚಿದಂತೆ. ಬೆಟ್ಟದ ಸೊಪ್ಪು, ದರಕು, ಅಡಿಕೆ ಸೋಗೆ, ಬಾಳೆ ದಿಂಡು, ಏನು ಸಿಗುತ್ತದೋ ಅದು. ಅರ್ಧ ಅಡಿ ದಪ್ಪ ಇರಲಿ, ಆದರೆ ಬುಡಕ್ಕೆ ತಾಗಿಸಬೇಡಿ. ಒಂದು ಗೇಣು ಬಿಟ್ಟು ಸುತ್ತ ಹರಡಿ. ಗಂಟು ಮುಚ್ಚಬಾರದು ಅಂತ ಆಗಲೇ ಹೇಳಿದೆನಲ್ಲ.

ಮಳೆಗಾಲಕ್ಕೆ ತೆಗೆದ ಬಸಿಗಾಲುವೆ ಬೇಸಿಗೆಯಲ್ಲೂ ತೇವವನ್ನು ಬಸಿಯುತ್ತಲೇ ಇರುತ್ತದೆ. ಕಣಿವೆಯ ತೋಟದಲ್ಲಿ ಅಲ್ಲಲ್ಲಿ ಮಣ್ಣಿನ ಒಡ್ಡು ಇಟ್ಟು ಅದನ್ನು ಕಟ್ಟಿ. ಮೇ ಕೊನೆಗೆ ಬಿಡಿಸಲು ಮರೆಯಬೇಡಿ, ಇಲ್ಲದಿದ್ದರೆ ಮೊದಲ ಜಡಿಮಳೆಗೇ ತೋಟ ಕೆರೆಯಾಗುತ್ತದೆ.

ನೆರಳಿನ ವಿಷಯದಲ್ಲಿ ಹಾಲವಾಣದ ಮರ ನಂಬಿದವರು ಹುಷಾರಾಗಿರಬೇಕು. ಬಳ್ಳಿಗೆ ನೆರಳು ಬೇಕಾದ ಸಮಯಕ್ಕೇ ಅದು ಎಲೆ ಉದುರಿಸಿ ಹೂ ಬಿಟ್ಟು ನಿಲ್ಲುತ್ತದೆ. ಎಳೇ ಬಳ್ಳಿಗೆ ಪಶ್ಚಿಮ ಮತ್ತು ದಕ್ಷಿಣದ ಕಡೆಯಿಂದ ಸೋಗೆ ಕಟ್ಟಿ. ಹೊಸದಾಗಿ ನೆಡುವಾಗ ಮರದ ಉತ್ತರ ಅಥವಾ ಈಶಾನ್ಯಕ್ಕೆ ನೆಡಿ ಎನ್ನುವುದೂ ಇದಕ್ಕಾಗಿಯೇ. ಮರದ ಕೊಂಬೆ ಸವರುವ ಕೆಲಸ ಮಳೆಗಾಲದ ಹೊಸ್ತಿಲಿಗೆ ಇಟ್ಟುಕೊಳ್ಳಿ.

ಹೆಜ್ಜೆ 5: ಎಷ್ಟು ನೀರು, ಎಲ್ಲಿಗೆ, ಯಾವಾಗ ನಿಲ್ಲಿಸುವುದು

ಸ್ವಂತ ಬೇರಿನ ಪಣಿಯೂರು-1ಕ್ಕೆ ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಇದೆ. ನವೆಂಬರ್-ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ, 8ರಿಂದ 10 ದಿನಕ್ಕೊಮ್ಮೆ, ಬಳ್ಳಿಗೆ 100 ಲೀಟರ್. ಬುಡದ ಸುತ್ತ 75 ಸೆಂಟಿಮೀಟರ್ ತ್ರಿಜ್ಯದ ಪಾತಿಯಲ್ಲಿ. ಅಲ್ಲಿಂದ ಮುಂಗಾರು ಹಿಡಿಯುವ ತನಕ ನೀರು ಬಂದ್. ಹೀಗೆ ಮಾಡಿದರೆ ಇಳುವರಿ ಹೆಚ್ಚುತ್ತದೆ ಎನ್ನುವುದು ಅವರ ಪ್ರಯೋಗದ ಫಲ.

ಏಪ್ರಿಲ್-ಮೇ ತಿಂಗಳಲ್ಲಿ ಒಣಗಿಸುವುದಕ್ಕೆ ಅರ್ಥವಿದೆ. ನೀರು ಸಿಗುತ್ತಲೇ ಇದ್ದರೆ ಬಳ್ಳಿ ಬಿಡಿಬಿಡಿಯಾಗಿ ಚಿಗುರುತ್ತದೆ, ಗೆರೆಯೂ ಒಂದೊಂದು ಬಾರಿಗೆ ಒಂದೊಂದು. ಸ್ವಲ್ಪ ಹಸಿದು ನಿಂತ ಬಳ್ಳಿಗೆ ಮಳೆ ಬಿದ್ದರೆ ಚಿಗುರು ಒಟ್ಟಿಗೆ ಬರುತ್ತದೆ, ಗೆರೆಯೂ ಒಟ್ಟಿಗೆ. ಕೊಯ್ಲೂ ಸಲೀಸು. ವಿಜಯಪುರದ ದ್ರಾಕ್ಷಿಯವರೂ ಏಪ್ರಿಲ್ ಚಾಟ್ನಿ (ಕಡ್ಡಿ ಸವರುವುದು) ಆದ ಮೇಲೆ, ಕಡ್ಡಿಯೊಳಗೆ ಹೂಮೊಗ್ಗು ರೂಪುಗೊಳ್ಳುವ ಹಂತದಲ್ಲಿ ನೀರು ಬೇಕೆಂದೇ ಕಡಿಮೆ ಮಾಡುತ್ತಾರೆ. ಹೂವು ಬಿಟ್ಟು ಕಾಯಿ ಕಚ್ಚುವಾಗ ಮಾತ್ರ ಕೈ ಬಿಗಿ ಮಾಡುವುದಿಲ್ಲ. ಒಣಗಿಸುವುದಕ್ಕೂ ಒಂದು ಹೊತ್ತಿದೆ.

ಹಿಪ್ಪಲಿ ಕಸಿಗೆ ಈ ನೀರು ಬಂದ್ ಲೆಕ್ಕ ಹಾಕಬೇಡಿ. ನನ್ನ ಅಭಿಪ್ರಾಯ ಇಷ್ಟು: ಮಾರ್ಚ್ ಕೊನೆಯವರೆಗೆ ಸ್ವಂತ ಬೇರಿನ ಬಳ್ಳಿಗಿಂತ ಪದೇ ಪದೇ, ಸ್ವಲ್ಪ ಸ್ವಲ್ಪ ಕೊಡಿ. ಒಂದೇ ಸಲ 100 ಲೀಟರ್ ಸುರಿಯುವ ಬದಲು ಅದೇ ನೀರನ್ನು ಎರಡು ಮೂರು ಬಾರಿಗೆ ಹಂಚಿ. ಏಪ್ರಿಲ್-ಮೇ ತಿಂಗಳಲ್ಲಿ ಸುಮಾರು ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಬೆಳಗಿನ ಎಲೆ ಜೋತರೆ ಅವತ್ತೇ ನೀರು. ಮೊದಲ ಮೂರು ವರ್ಷದ ಬಳ್ಳಿಗಂತೂ ಗೆರೆಯ ಆಸೆ ಬಿಟ್ಟು ಜೀವ ಉಳಿಸಿ.

ಅಡಿಕೆ ತೋಟದಲ್ಲಿ ತೊಡಕು ಇಲ್ಲೇ ಶುರು. ಅಡಿಕೆಗೆ ಮಾರ್ಚ್‌ನಿಂದ ಮೇ ತನಕವೇ ನೀರು ಜಾಸ್ತಿ ಬೇಕು. ಪಾತಿಗೆ ಬಿಡುವವರಿಗೆ ಮರಕ್ಕೆ 175 ಲೀಟರಿನಂತೆ 3ರಿಂದ 5 ದಿನಕ್ಕೊಮ್ಮೆ, ಡ್ರಿಪ್ ಇದ್ದರೆ ದಿನಕ್ಕೆ 16ರಿಂದ 20 ಲೀಟರ್ ಎನ್ನುವುದು ರೂಢಿಯ ಶಿಫಾರಸು. ಅದೇ ಮರಕ್ಕೆ ಹಬ್ಬಿದ ಸ್ವಂತ ಬೇರಿನ ಮೆಣಸಿಗೆ ಏಪ್ರಿಲ್-ಮೇ ತಿಂಗಳಲ್ಲಿ ಒಣಗು ಬೇಕು. ಸ್ಪ್ರಿಂಕ್ಲರ್ ಹಾಕಿದವರಿಗೆ ಇದನ್ನು ಬೇರೆ ಮಾಡಲು ಆಗುವುದಿಲ್ಲ. ಡ್ರಿಪ್ ಇದ್ದವರು ಮಾಡಬಹುದು. ಮರದ ಒಂದು ಬದಿಗೆ ಅಡಿಕೆಯ ಡ್ರಿಪ್ಪರ್, ಎದುರು ಬದಿಗೆ ಮೆಣಸಿನದು. ಮೆಣಸಿನ ಸಣ್ಣ ಪೈಪಿಗೆ ಬೇರೆ ಗೇಟ್‌ವಾಲ್ವ್ ಇಟ್ಟರೆ ಏಪ್ರಿಲ್‌ನಲ್ಲಿ ಅದೊಂದನ್ನೇ ಮುಚ್ಚಬಹುದು. ಕಸಿ ಬಳ್ಳಿ ಇದ್ದಲ್ಲಿ ಈ ತಲೆನೋವೇ ಇಲ್ಲ. ಹಿಪ್ಪಲಿಗೂ ಅಡಿಕೆಗೂ ನೀರಿನ ವಿಷಯದಲ್ಲಿ ಜಗಳ ಕಡಿಮೆ. ನೀರಿರುವ ಅಡಿಕೆ ತೋಟಕ್ಕೆ ಕಸಿ ಸರಿ ಅಂತ ನಾನು ಹೇಳುವುದು ರೋಗಕ್ಕಿಂತ ಹೆಚ್ಚು ಈ ಕಾರಣಕ್ಕೆ.

ಡ್ರಿಪ್ಪರ್ ಕಾಂಡಕ್ಕೆ ತಾಗಿ ಹನಿಯುವುದು ಬೇಡ. ಒಂದಡಿ ದೂರ ಇರಲಿ. ಬಳ್ಳಿ ದೊಡ್ಡದಾದಂತೆ ಒಂದರ ಬದಲು ಎರಡು ಡ್ರಿಪ್ಪರ್ ಮಾಡಿ, ಎರಡು ಕಡೆಗೆ ಇಡಿ. ಅಡಿಕೆಯ ಬೇರು ಬುಡದ ಸುತ್ತ ದಟ್ಟವಾಗಿರುತ್ತದೆ, ಒಂದೇ ಕಡೆ ಬಿದ್ದ ನೀರನ್ನು ಮೆಣಸಿಗಿಂತ ಮೊದಲು ಅದೇ ಕುಡಿದುಬಿಡುತ್ತದೆ. ಕಾಲುವೆಯಲ್ಲಿ ನೀರು ಹಾಯಿಸುವವರು ರೋಗ ಬಂದ ಬಳ್ಳಿಯ ಪಾತಿಯಿಂದ ಚೆನ್ನಾಗಿರುವ ಬಳ್ಳಿಯ ಪಾತಿಗೆ ನೀರು ಹರಿಯದ ಹಾಗೆ ನೋಡಿಕೊಳ್ಳಿ.

ನೀರೇ ಕಡಿಮೆ ಇರುವ ವರ್ಷ ಬಂದರೆ? 2023ರ ಮಳೆಗಾಲ ಕೈಕೊಟ್ಟು 2024ರ ಬೇಸಿಗೆಯಲ್ಲಿ ಬಾವಿ ತಳ ಕಂಡಿದ್ದು ಇನ್ನೂ ಹಳೇ ಸುದ್ದಿಯಲ್ಲ. ಅಂಥ ವರ್ಷ ಎಲ್ಲ ಬಳ್ಳಿಗೂ ಸ್ವಲ್ಪ ಸ್ವಲ್ಪ ಹಂಚಲು ಹೋಗಬೇಡಿ. ಮೊದಲ ಪಾಲು ಎಳೇ ಕಸಿ ಬಳ್ಳಿಗೆ. ಆಮೇಲೆ ದೊಡ್ಡ ಕಸಿ ಬಳ್ಳಿ. ಸ್ವಂತ ಬೇರಿನ ಹಳೇ ಬಳ್ಳಿ ಕೊನೆಗೆ. ಅದು ಎಲೆ ಉದುರಿಸಿಯಾದರೂ ಮಳೆ ತನಕ ಕಾಯುತ್ತದೆ. ಹಿಪ್ಪಲಿ ಬೇರಿಗೆ ಅಷ್ಟು ತಾಳ್ಮೆ ಇಲ್ಲ.

ಹೆಜ್ಜೆ 6: ಮಳೆ ಬಂತು, ಆಮೇಲೆ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವ ಮಾತಿದೆ. ಏಪ್ರಿಲ್ ಕೊನೆ, ಮೇ ಮೊದಲ ವಾರದ ಈ ಮಳೆ ಅಡಿಕೆಗೆ ಒಳ್ಳೆಯದೇ. ಮೆಣಸಿಗೆ ಸ್ವಲ್ಪ ಜೂಜು. ಭರಣಿ, ಕೃತ್ತಿಕೆ ಚೆನ್ನಾಗಿ ಸುರಿದರೆ ಬಳ್ಳಿ ಚಿಗುರಿಬಿಡುತ್ತದೆ. ಆಮೇಲೆ ರೋಹಿಣಿ ಒಣಗಿ, ಮೃಗಶಿರ ತಡವಾದರೆ ಆ ಚಿಗುರಿನಲ್ಲಿ ಬಂದ ಎಳೇ ಗೆರೆ ಉದುರುತ್ತದೆ. ಮೆಣಸಿನ ಪರಾಗ ಹರಡುವುದಕ್ಕೂ ಮಳೆಹನಿ ನೆರವಾಗುತ್ತದೆ, ಹಾಗಾಗಿ ಮಳೆ ತಪ್ಪಿದರೆ ಕಾಳು ಕಟ್ಟುವುದೂ ಕಡಿಮೆ. 2023ರ ಜೂನ್‌ನಲ್ಲಿ ಮುಂಗಾರು ತಡವಾಗಿ ಬಂದಾಗ ಆಗಿದ್ದು ಇಂಥದ್ದೇ ಪರಿಸ್ಥಿತಿ.

ಇದಕ್ಕೆ ಮಾಡಬೇಕಾದ್ದು ಸರಳ, ಆದರೆ ಯಾರೂ ಮಾಡುವುದಿಲ್ಲ. ಒಂದೆರಡು ಮಳೆ ಬಿದ್ದ ಕೂಡಲೇ ಪೈಪು ಸುತ್ತಿ ಅಟ್ಟಕ್ಕೆ ಹಾಕಿಬಿಡುತ್ತೇವೆ. ಜೂನ್ ಕೊನೆಯ ತನಕ ಪೈಪು ತೋಟದಲ್ಲೇ ಇರಲಿ. ಚಿಗುರು ಬಂದ ಮೇಲೆ ಒಂದು ವಾರ ಮಳೆ ಇಲ್ಲದಿದ್ದರೆ, ಸ್ವಂತ ಬೇರಾದರೂ ಸರಿ, ಕಸಿಯಾದರೂ ಸರಿ, ನೀರು ಬಿಡಿ. ಸ್ಪ್ರಿಂಕ್ಲರ್ ಇದ್ದವರು ಆಗ ಅದನ್ನೇ ಬಳಸಿ.

ಮಳೆ ಹಿಡಿದ ಮೇಲೆ ಕೆಲಸ ತಿರುಗಿ ಬೀಳುತ್ತದೆ. ಬಸಿಗಾಲುವೆಯ ಒಡ್ಡು ಬಿಡಿಸಿ. ಬುಡದ ಹತ್ತಿರ ಉಳಿದ ಹಳೇ ಮುಚ್ಚಿಗೆ ಸರಿಸಿ, ಕಸಿ ಗಂಟು ಮತ್ತೊಮ್ಮೆ ಕಾಣುತ್ತಿದೆಯಾ ನೋಡಿ. ಮಳೆ ಜೋರಾಗುವ ಮೊದಲೇ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯಿರಿ, ಕಸಿ ಬಳ್ಳಿಗೂ ಸೇರಿಸಿ. ಹಿಪ್ಪಲಿಯ ಬೇರಿಗೆ ರೋಗ ತಾಗದಿರಬಹುದು, ಮೇಲಿರುವುದು ಅದೇ ನಮ್ಮ ಮೆಣಸಿನ ಎಲೆ. ಸತ್ತ ಬಳ್ಳಿಯ ಜಾಗಕ್ಕೆ ಹೊಸದು ನೆಡುವುದಿದ್ದರೆ ಹಿಪ್ಪಲಿ ಗಿಡವನ್ನು ಮೊದಲು ನೆಟ್ಟು, ಬೇರು ಹಿಡಿದ ಮೇಲೆ ಅಲ್ಲೇ ಕಸಿ ಕಟ್ಟಿಸಬಹುದು. ಆಗ ಬೆಸುಗೆಯನ್ನು ನೆಲದಿಂದ ಒಂದಡಿಯಾದರೂ ಮೇಲೆ ಕಟ್ಟಲು ಹೇಳಿ.